ನಿಂತಲ್ಲೇ ಇಳಿಯುವ ಬ್ಯಾಟರಿ: ಸೋರಿಕೆ ಹುಡುಕುವುದು ಹೇಗೆ?

ರೋಹಿಣಿ ಮಳೆ ಬಿದ್ದ ಮರುದಿನ ಹಾನಗಲ್ಲ ತಾಲ್ಲೂಕಿನ ಆಡೂರಿನ ಸುತ್ತ ಎಲ್ಲರಿಗೂ ಒಂದೇ ಹೊತ್ತಿಗೆ ಟ್ರ್ಯಾಕ್ಟರ್ ಬೇಕು. ಹದ ಆರುವುದರೊಳಗೆ ಗೋವಿನಜೋಳ ಬಿತ್ತಬೇಕು. ಬೇಸಿಗೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಚಾವಿ ತಿರುಗಿಸಿದರೆ ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಸಿ ಚಾಲೂ ಮಾಡುತ್ತಾರೆ, ಆ ದಿನದ ಕೆಲಸ ಆಗುತ್ತದೆ. ನಾಲ್ಕು ದಿನ ನಿಂತರೆ ಮತ್ತೆ ಅದೇ ಕಥೆ. ‘ಬ್ಯಾಟರಿ ಹೋಗೇತಿ’ ಎಂದು ಯಾರೋ ಹೇಳಿದ ಮಾತಿಗೆ ಸಾವಿರಾರು ರೂಪಾಯಿ ಕೊಟ್ಟು ಹೊಸದು ತಂದು ಕೂರಿಸುತ್ತಾರೆ. ಎರಡು ತಿಂಗಳಲ್ಲಿ ಅದೂ ಇಳಿಯುತ್ತದೆ.

ತೂತು ಬಿದ್ದ ಕೊಡಕ್ಕೆ ನೀರು ತುಂಬುವ ಕೆಲಸ ಇದು. ಬ್ಯಾಟರಿ ಕೊಳ್ಳುವ ಮೊದಲು ಅಳೆಯಿರಿ. ಈ ಒಂದು ಮಾತನ್ನು ಒತ್ತಿ ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ. ನಿಂತ ಗಾಡಿಯ ಬ್ಯಾಟರಿ ಇಳಿಯಲು ಕಾರಣ ಮೂರೇ: ಬ್ಯಾಟರಿಯೇ ಚಾರ್ಜ್ ಹಿಡಿಯುತ್ತಿಲ್ಲ, ಗಾಡಿ ಓಡುವಾಗ ಅದಕ್ಕೆ ಚಾರ್ಜ್ ಸಿಗುತ್ತಿಲ್ಲ, ಅಥವಾ ಗಾಡಿ ಬಂದಾದ ಮೇಲೂ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಈ ಮೂರರಲ್ಲಿ ಯಾವುದು ಎಂದು ತಿಳಿಯಲು ಒಂದು ಡಿಜಿಟಲ್ ಮಲ್ಟಿಮೀಟರ್, 10 ನಂಬರ್ ಮತ್ತು 13 ನಂಬರ್ ಪಾನಾ, ಎರಡು ವೈರ್ ಜೋಡಿಸಿದ 21 ವಾಟಿನ ಇಂಡಿಕೇಟರ್ ಬಲ್ಬ್, ಒಂದು ಹಳೆಯ ಬ್ರಷ್ ಇದ್ದರೆ ಸಾಕು.

ಕೈ ಹಚ್ಚುವ ಮುನ್ನ

ಬ್ಯಾಟರಿಯೊಳಗೆ ಗಂಧಕಾಮ್ಲ ಇದೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿ ತಾಗಿದರೂ ಸಿಡಿಯುತ್ತದೆ. ಬೀಡಿ, ಬೆಂಕಿಕಡ್ಡಿ ದೂರ ಇರಲಿ. ಕೈಯ ಉಂಗುರ, ಕಡಗ ತೆಗೆದಿಡಿ. ಆಮ್ಲ ಮೈಗೆ ಸಿಡಿದರೆ ತಕ್ಷಣ ಧಾರಾಳ ನೀರು ಸುರಿಯಿರಿ. ಕಣ್ಣಿಗೆ ಬಿದ್ದರೆ ನೀರಿನಲ್ಲಿ ಚೆನ್ನಾಗಿ ತೊಳೆದು ದವಾಖಾನೆಗೆ ಹೋಗಿ.

ಕೇಬಲ್ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಜೋಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಗಾಡಿಯ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚುತ್ತಿರುವಾಗ ಪಾನಾ ಬಾನೆಟ್ಟಿಗೆ ತಾಗಿತೆಂದರೆ ನೇರ ಶಾರ್ಟ್. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ.

ಹಂತ 1: ಕಣ್ಣಿನಿಂದ ಹುಡುಕಿ

ಟ್ರ್ಯಾಕ್ಟರ್ ಇರುವವರು ಮೊದಲು ಚಾವಿ ನೋಡಿ. ನಮ್ಮ ಕಡೆಯ ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಬಂದಾಗುವುದು ಚಾವಿಯಿಂದಲ್ಲ, ಸ್ಟಾಪ್ ನಾಬ್ ಎಳೆಯುವುದರಿಂದ. ನಾಬ್ ಎಳೆದರೆ ಡೀಸೆಲ್ ನಿಲ್ಲುತ್ತದೆ, ಸದ್ದು ಅಡಗುತ್ತದೆ. ಚಾವಿ ಮಾತ್ರ ‘ಆನ್’ನಲ್ಲೇ ಉಳಿಯುತ್ತದೆ. ಆಗ ಮೀಟರುಗಳು, ಚಾರ್ಜಿಂಗ್ ದೀಪ, ಅದರ ಹಿಂದಿರುವ ಆಲ್ಟರ್ನೇಟರ್ ಸುರುಳಿ ಎಲ್ಲಕ್ಕೂ ರಾತ್ರಿಯಿಡೀ ಕರೆಂಟ್ ಹರಿಯುತ್ತದೆ. ಹಗಲು ಬಿಸಿಲಿಗೆ ಆ ಸಣ್ಣ ಕೆಂಪು ದೀಪ ಕಾಣುವುದೇ ಇಲ್ಲ. ಬೇರೆ ಬೇರೆ ಮಂದಿ ಗಾಡಿ ಓಡಿಸುವ ಮನೆಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನಿಸುವುದು ಇದನ್ನೇ. ನಾಬ್ ಎಳೆದ ಕೈ ಚಾವಿಯನ್ನೂ ತೆಗೆದು ಜೇಬಿಗೆ ಹಾಕುವುದು ರೂಢಿಯಾಗಬೇಕು.

ಆಮೇಲೆ ಕತ್ತಲಾದ ಮೇಲೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ. ಬ್ರೇಕ್ ದೀಪ ಮಿಣುಕುತ್ತಿದೆಯೇ? ಬ್ರೇಕ್ ಪೆಡಲಿನ ಸ್ವಿಚ್ ಸಿಕ್ಕಿಕೊಂಡರೆ ದೀಪ ಆರುವುದಿಲ್ಲ. ಕಾರಾದರೆ ಡಿಕ್ಕಿಯೊಳಗಿನ ದೀಪ, ಡ್ಯಾಶ್‌ಬೋರ್ಡ್ ಡಬ್ಬಿಯ ದೀಪ ನೋಡಿ. ಮುಚ್ಚಳ ಹಾಕಿದ ಮೇಲೆ ಅವು ಆರಿದವೋ ಇಲ್ಲವೋ ತಿಳಿಯದಿದ್ದರೆ, ಮೊಬೈಲಿನ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಮುಚ್ಚಿ, ಆಮೇಲೆ ತೆಗೆದು ನೋಡಿ.

ಹಂತ 2: ಟರ್ಮಿನಲ್ ಮತ್ತು ಬ್ಯಾಟರಿಯ ನೆತ್ತಿ

ಬಿಳಿ ಅಥವಾ ಹಸಿರು ಪುಡಿ ಕಟ್ಟಿದ ಟರ್ಮಿನಲ್ ಸೆಲ್ಫ್ ಮೋಟಾರಿಗೂ ಕರೆಂಟ್ ಬಿಡುವುದಿಲ್ಲ, ಚಾರ್ಜ್ ಆಗುವುದಕ್ಕೂ ಬಿಡುವುದಿಲ್ಲ. ಕೈಯಲ್ಲಿ ಅಲುಗಿಸಿ ನೋಡಿ, ತಿರುಗಿದರೆ ಸಡಿಲವಿದೆ ಎಂದರ್ಥ. ಬ್ಯಾಟರಿಯ ಮೇಲ್ಭಾಗದಲ್ಲಿ ಧೂಳು ಮತ್ತು ಆಮ್ಲ ಸೇರಿ ಒದ್ದೆ ಕೆಸರಾಗಿದ್ದರೆ ಅದರ ಮೂಲಕವೇ ಕರೆಂಟ್ ಸೋರುತ್ತದೆ. ಮೀಟರನ್ನು 20 ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಮೈನಸ್ ಟರ್ಮಿನಲ್ಲಿಗೂ ಕೆಂಪು ಕಡ್ಡಿಯನ್ನು ಪ್ಲಾಸ್ಟಿಕ್ ಮೇಲ್ಮೈಗೂ ತಾಗಿಸಿ. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿದರೆ ತೊಳೆಯಲೇಬೇಕು. ಕೇಬಲ್ ಬಿಚ್ಚಿ, ಮುಚ್ಚಳಗಳು ಬಿಗಿ ಇರುವುದನ್ನು ನೋಡಿಕೊಂಡು, ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ, ಒರೆಸಿ ಒಣಗಿಸಿ. ಸೋಡಾ ನೀರು ಒಳಗೆ ಹೋಗಬಾರದು.

ಹಂತ 3: ಬ್ಯಾಟರಿ ಗಟ್ಟಿ ಇದೆಯೇ?

ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಕೇಬಲ್ ಜೋಡಿಸದೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಸುಮಾರು ಕಾಲು ಭಾಗ. ಇನ್ನೆರಡು ದಿನ ಹಾಗೆಯೇ ಬಿಟ್ಟು ಮತ್ತೆ ಅಳೆಯಿರಿ. ಗಾಡಿಗೆ ಜೋಡಿಸದೆಯೇ 12.2ಕ್ಕೆ ಇಳಿದರೆ ತಪ್ಪು ಬ್ಯಾಟರಿಯದ್ದೇ. ಇಳಿಯದಿದ್ದರೆ ಅದನ್ನು ದೂರಬೇಡಿ, ಮುಂದಕ್ಕೆ ಹೋಗಿ.

ನೀರು ಹಾಕುವ ಬ್ಯಾಟರಿಯಾದರೆ ಪ್ಲೇಟುಗಳು ಮುಳುಗಿವೆಯೇ ನೋಡಿ. ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಹೈಡ್ರೋಮೀಟರ್ ಸಿಕ್ಕರೆ ಆರೂ ಮನೆಗಳ ಸಾಂದ್ರತೆ ಅಳೆಯಿರಿ: ತುಂಬಿದ್ದಾಗ 1.265ರಿಂದ 1.280 ಇರಬೇಕು. ಐದು ಮನೆ ಸರಿಯಿದ್ದು ಒಂದೇ ಮನೆ ಬಹಳ ಕೆಳಗಿದ್ದರೆ ಆ ಸೆಲ್ ಸತ್ತಿದೆ.

ಹಂತ 4: ಚಾರ್ಜ್ ಆಗುತ್ತಿದೆಯೇ?

ಎಂಜಿನ್ ಚಾಲೂ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಏರಿಸಿ ಬ್ಯಾಟರಿಯ ಮೇಲೆ ವೋಲ್ಟ್ ಅಳೆಯಿರಿ. 13.8ರಿಂದ 14.5ರ ನಡುವೆ ಬರಬೇಕು. 12.5ರಲ್ಲೇ ನಿಂತರೆ ಬೆಲ್ಟ್ ಸಡಿಲವೋ ಆಲ್ಟರ್ನೇಟರ್ ಕೆಟ್ಟಿದೆಯೋ ನೋಡಿಸಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಅದು ಬ್ಯಾಟರಿಯನ್ನು ಬೇಯಿಸಿಬಿಡುತ್ತದೆ. ಕೆಲವು ಕಂಪ್ಯೂಟರ್ ನಿಯಂತ್ರಿತ ಕಾರುಗಳು ಬೇಕೆಂದೇ ವೋಲ್ಟ್ ಏರಿಳಿಸುತ್ತವೆ. ಅಂಥವುಗಳಲ್ಲಿ ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬಾರದು.

‘ಡೈನಮೋ ಚಾರ್ಜ್ ಮಾಡ್ತೈತೋ ಇಲ್ಲೋ’ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕೇಬಲ್ ಕಿತ್ತು ನೋಡುವ ಪದ್ಧತಿ ಇದೆ. ದಯವಿಟ್ಟು ಬೇಡ. ಬ್ಯಾಟರಿ ತಪ್ಪಿದ ಕೂಡಲೇ ಆಲ್ಟರ್ನೇಟರಿನ ವೋಲ್ಟ್ ಒಮ್ಮೆಗೇ ಜಿಗಿಯುತ್ತದೆ. ಡಯೋಡ್, ರೆಗ್ಯುಲೇಟರ್, ಹೊಸ ಗಾಡಿಯಾದರೆ ದುಬಾರಿ ಇಸಿಯು (ಗಾಡಿಯ ಕಂಪ್ಯೂಟರ್) ಕೂಡ ಸುಟ್ಟು ಹೋಗಬಹುದು.

ಹಂತ 5: ಸೋರಿಕೆ ಅಳೆಯಿರಿ

ಚಾವಿ ತೆಗೆದು, ಎಲ್ಲ ಸ್ವಿಚ್ ಬಂದ್ ಮಾಡಿ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಆ 21 ವಾಟಿನ ಬಲ್ಬ್ ಇಡಿ. ಬಲ್ಬ್ ಹೊತ್ತಿದರೆ ಸೋರಿಕೆ ದೊಡ್ಡದು, ಮೀಟರ್ ಜೋಡಿಸಬೇಡಿ. ಬಲ್ಬ್ ಇಟ್ಟುಕೊಂಡೇ ಮುಂದಿನ ಹಂತಕ್ಕೆ ಹೋಗಿ. ಹೊತ್ತದಿದ್ದರೆ ಬಲ್ಬ್ ತೆಗೆದು ಅದೇ ಜಾಗಕ್ಕೆ ಮೀಟರ್ ಬರಲಿ.

ಮೀಟರಿನ ಕೆಂಪು ವೈರನ್ನು ವೋಲ್ಟ್ ಕಿಂಡಿಯಿಂದ ತೆಗೆದು 10 ಆಂಪಿಯರ್ ಕಿಂಡಿಗೆ ಹಾಕಿ, ನಡುವಿನ ಗುಂಡಿಯನ್ನೂ ಅಲ್ಲಿಗೇ ತಿರುಗಿಸಿ. ಕೆಂಪು ಕಡ್ಡಿ ಕೇಬಲ್ಲಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ. ಮೀಟರ್ ಹೀಗೆ ನಡುವೆ ಇರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ನೂರಾರು ಆಂಪಿಯರ್ ಅದರ ಮೂಲಕ ಹರಿದು ಮೀಟರ್ ಸುಡುತ್ತದೆ, ಅಗ್ಗದ ಮೀಟರುಗಳ 10 ಆಂಪಿಯರ್ ಕಿಂಡಿಗೆ ಫ್ಯೂಸ್ ಕೂಡ ಇರುವುದಿಲ್ಲ. ಅಳತೆ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ಕಿಂಡಿಗೆ ವಾಪಸ್ ಹಾಕಿ. ಮರೆತು ಅದೇ ಸ್ಥಿತಿಯಲ್ಲಿ ಬ್ಯಾಟರಿಯ ಎರಡೂ ತುದಿಗೆ ಇಟ್ಟರೆ ಶಾರ್ಟ್.

ಕಾರಾದರೆ ತಾಳ್ಮೆ ಬೇಕು. ಬಾಗಿಲು ಹಾಕಿದ ಮೇಲೆ ಒಳಗಿನ ಎಲೆಕ್ಟ್ರಾನಿಕ್ ಘಟಕಗಳು ‘ಮಲಗಲು’ ಅರ್ಧ ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗಿನ ಅಂಕಿ ನಂಬಬೇಡಿ.

ಈಗ ಲೆಕ್ಕ. ಕಾರಿಗೆ ಸಾಮಾನ್ಯವಾಗಿ 0.05 ಆಂಪಿಯರ್ ಒಳಗಿದ್ದರೆ ಸರಿ. ಹಳೆಯ ಮಾದರಿಯ ಟ್ರ್ಯಾಕ್ಟರ್‌ನಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ್ದರಿಂದ ಸೊನ್ನೆಯ ಹತ್ತಿರವೇ ಇರಬೇಕು. ಬಂದ ಅಂಕಿಯನ್ನು 24ರಿಂದ ಗುಣಿಸಿದರೆ ಒಂದು ದಿನಕ್ಕೆ ಎಷ್ಟು ಆಂಪಿಯರ್-ತಾಸು ಸೋರುತ್ತದೆ ಎಂದು ತಿಳಿಯುತ್ತದೆ. 0.05 ಎಂದರೆ ದಿನಕ್ಕೆ 1.2; 60 ಆಂಪಿಯರ್-ತಾಸಿನ ಬ್ಯಾಟರಿ ಅರ್ಧಕ್ಕಿಳಿಯಲು 25 ದಿನ ಬೇಕು. ಒಂದು 5 ವಾಟ್ ಬಲ್ಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಹತ್ತರ ಹತ್ತಿರ. ಅಷ್ಟು ಪುಟ್ಟ ದೀಪ ಮೂರೇ ದಿನದಲ್ಲಿ ಅದೇ ಬ್ಯಾಟರಿಯನ್ನು ಅರ್ಧ ಮಾಡುತ್ತದೆ. ನಿಮ್ಮ ಗಾಡಿ ಎಷ್ಟು ದಿನ ನಿಂತರೆ ಕೈಕೊಡುತ್ತದೆ ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದಿದರೆ ಕಳ್ಳ ಸಿಕ್ಕಂತೆಯೇ, ಯಾವ ಓಣಿಯಲ್ಲಿದ್ದಾನೆ ಎಂಬುದಷ್ಟೇ ಬಾಕಿ.

ಹಂತ 6: ಒಂದೊಂದೇ ಫ್ಯೂಸ್

ಮೀಟರ್ ಅಥವಾ ಬಲ್ಬ್ ಜೋಡಿಸಿದ್ದ ಹಾಗೆಯೇ ಇರಲಿ. ಫ್ಯೂಸ್ ಡಬ್ಬಿಯ ಫೋಟೋ ತೆಗೆದುಕೊಂಡು ಒಂದು ಫ್ಯೂಸ್ ಕೀಳಿ, ಅಂಕಿ ನೋಡಿ, ಅಲ್ಲೇ ವಾಪಸ್ ಹಾಕಿ, ಮುಂದಿನದಕ್ಕೆ ಹೋಗಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ, ಬಲ್ಬ್ ಆರುತ್ತದೋ, ಸೋರಿಕೆ ಆ ಸಾಲಿನಲ್ಲಿದೆ. ಆ ಸಾಲಿನಲ್ಲಿ ಏನೇನಿದೆ ಎಂದು ಗಾಡಿಯ ಪುಸ್ತಕದಲ್ಲಿ ನೋಡಿ, ಒಂದೊಂದೇ ಕನೆಕ್ಟರ್ ಬಿಚ್ಚುತ್ತ ಹೋಗಿ.

ಹೊಸ ಕಾರುಗಳಲ್ಲಿ ಫ್ಯೂಸ್ ಕಿತ್ತರೆ ಮಲಗಿದ ಘಟಕ ಎದ್ದು ಲೆಕ್ಕ ಕೆಡಿಸುತ್ತದೆ. ಅಲ್ಲಿ ಫ್ಯೂಸ್ ಕೀಳದೆ, ಮೀಟರ್ ತೆಗೆದು ಮೈನಸ್ ಕೇಬಲ್ ವಾಪಸ್ ಜೋಡಿಸಿ; ಘಟಕಗಳು ಮತ್ತೆ ಮಲಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ಕಿಂಡಿಗೆ ಹಾಕಿ, ಮೀಟರನ್ನು 200 ಮಿಲಿವೋಲ್ಟ್‌ಗೆ ಇಟ್ಟು ಫ್ಯೂಸಿನ ನೆತ್ತಿಯ ಎರಡು ಲೋಹದ ಚುಕ್ಕಿಗಳಿಗೆ ಕಡ್ಡಿ ತಾಗಿಸಿ. 0.0 ಎಂದರೆ ಅಲ್ಲಿ ಹೇಳಿಕೊಳ್ಳುವಂಥ ಕರೆಂಟ್ ಹರಿಯುತ್ತಿಲ್ಲ. ಅಂಕಿ ಮೂಡಿದ ಕಡೆ ಹರಿಯುತ್ತಿದೆ.

ಹಂತ 7: ಫ್ಯೂಸ್ ಇಲ್ಲದ ದಾರಿಗಳು

ಎಲ್ಲ ಫ್ಯೂಸ್ ಕಿತ್ತರೂ ಸೋರಿಕೆ ನಿಲ್ಲಲಿಲ್ಲವೇ? ಉಳಿದದ್ದು ಆಲ್ಟರ್ನೇಟರ್, ಸೆಲ್ಫ್ ಮೋಟಾರಿನ ದಪ್ಪ ಕೇಬಲ್, ಮತ್ತು ನೇರ ಬ್ಯಾಟರಿಗೆ ಕಟ್ಟಿದ ಹೊರಗಿನ ವೈರುಗಳು.

ಕೊನೆಯದರಿಂದಲೇ ಶುರು ಮಾಡಿ. ಡೆಕ್, ಆಂಪ್ಲಿಫೈಯರ್, ಬಣ್ಣದ ಲೈಟು, ಮೊಬೈಲ್ ಚಾರ್ಜರ್, ಜಿಪಿಎಸ್: ನಮ್ಮ ಟ್ರ್ಯಾಕ್ಟರ್, ಗೂಡ್ಸ್ ಗಾಡಿಗಳಲ್ಲಿ ಇವನ್ನು ಚಾವಿಯ ಸ್ವಿಚ್ ತಪ್ಪಿಸಿ ಬ್ಯಾಟರಿಗೆ ಎಳೆದಿರುವುದು ತುಂಬ ಸಾಮಾನ್ಯ. ಚಾವಿ ತೆಗೆದರೂ ಅವು ಎಚ್ಚರವಾಗಿಯೇ ಇರುತ್ತವೆ. ಅವನ್ನು ಚಾವಿಯಿಂದ ನಡೆಯುವ ರಿಲೇ ಮೂಲಕ, ಫ್ಯೂಸ್ ಹಾಕಿ ಮತ್ತೆ ಕಟ್ಟಿಸಿ. ಜೋಳದ ಚೀಲಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ವೈರುಗಳ ಮೇಲೆ ಇಲಿ ಹಲ್ಲಿನ ಗುರುತನ್ನೂ ಹುಡುಕಬೇಕು. ಸಿಪ್ಪೆ ಹೋದ ತಾಮ್ರ ಮಳೆಗಾಲದ ತೇವದಲ್ಲಿ ಚಾಸಿಗೆ ತಾಗಿದರೆ ಸೋರಿಕೆ ಮಾತ್ರವಲ್ಲ, ಬೆಂಕಿಯೂ ಹೊತ್ತಬಹುದು.

ಆಲ್ಟರ್ನೇಟರ್ ಪರೀಕ್ಷೆಗೆ ಬ್ಯಾಟರಿ ಪೂರ್ತಿ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರ್ ಕಳಚಿ ಅದರ ತುದಿಗೆ ಟೇಪ್ ಸುತ್ತಿ, ಹಂತ 5ನ್ನು ಮತ್ತೆ ಮಾಡಿ. ಸೋರಿಕೆ ನಿಂತರೆ ಒಳಗಿನ ಡಯೋಡ್ ಹೋಗಿದೆ. ಅಂಥ ಆಲ್ಟರ್ನೇಟರ್ ಓಡುವಾಗ ಅಷ್ಟಿಷ್ಟು ಚಾರ್ಜ್ ಮಾಡುತ್ತಲೇ ಇರಬಹುದು, ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ

ಸೋರಿಕೆಯೇ ಇಲ್ಲದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ತಿಂಗಳಿಗೆ ಒಂದಿಷ್ಟು ಇಳಿಯುತ್ತದೆ, ಬೇಸಿಗೆಯ ಸೆಕೆಗೆ ಇನ್ನೂ ಬೇಗ. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಪೂರ್ತಿ ಚಾರ್ಜ್ ಹಿಡಿಯದಂತಾಗುತ್ತದೆ. ಟ್ರ್ಯಾಕ್ಟರ್‌ಗೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿ. ಖರ್ಚು ಕಡಿಮೆ, ಉಪಯೋಗ ದೊಡ್ಡದು. ತಿಂಗಳಿಗೊಮ್ಮೆ ವೋಲ್ಟ್ ನೋಡಿ, 12.4ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿಸಿ. ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ಸೆಲ್ಫ್ ತಿಂದದ್ದೂ ಸರಿಯಾಗಿ ವಾಪಸ್ ತುಂಬುವುದಿಲ್ಲ. ಅದಕ್ಕಿಂತ ಓಡಿಸದಿರುವುದೇ ಮೇಲು.

ಡಯೋಡ್ ಬದಲಿಸುವುದು, ಡ್ಯಾಶ್‌ಬೋರ್ಡ್ ಬಿಚ್ಚುವುದು ನಿಮ್ಮ ಕೈಲಾಗದಿದ್ದರೆ ಹಾನಗಲ್ಲಿನಲ್ಲೋ ಹಾವೇರಿಯಲ್ಲೋ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹೋಗುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ರಾತ್ರಿ ಬಿಟ್ಟ ಮೇಲಿನ ವೋಲ್ಟ್, ಎಂಜಿನ್ ಓಡುವಾಗಿನ ವೋಲ್ಟ್, ಸೋರಿಕೆಯ ಆಂಪಿಯರ್, ಯಾವ ಫ್ಯೂಸ್ ಕಿತ್ತಾಗ ಅದು ಇಳಿಯಿತು. ಕೆಲಸ ಮುಗಿದ ಮೇಲೆ ಸೋರಿಕೆಯನ್ನು ನಿಮ್ಮೆದುರೇ ಇನ್ನೊಮ್ಮೆ ಅಳೆಸಿಕೊಂಡು ಗಾಡಿ ತೆಗೆದುಕೊಂಡು ಬನ್ನಿ.