ಗೊಂಬೆಗೆ ಒಂದು ಕಿಲೋಬೈಟಿನ ಉಸಿರು



ಜಪಾನಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹತ್ಸುನೆ ಮಿಕು ಯಾರೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಕಂಪ್ಯೂಟರಿನ ಆ ಗೊಂಬೆ ಕುಣಿಯುವುದಾದರೂ ಹೇಗೆ ಎಂದು ಅವರು ಕೇಳಿದರೆ ನಾವು ದೊಡ್ಡವರು ತಲೆ ಕೆರೆದುಕೊಳ್ಳುತ್ತೇವೆ. ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳು ಮಹಾಭಾರತದ ಹನ್ನೆರಡು ಪಾತ್ರಗಳನ್ನು ಗೊಂಬೆಗಳಾಗಿ ಮಾಡಿದ್ದಾರೆ. ಕಥೆಯ ಪುಟ ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಪರದೆಯ ಮೇಲೆ ಒಂದು ಪುಟ್ಟ ಗೊಂಬೆ ನಿಂತು ಉಸಿರಾಡುತ್ತಿರಲಿ ಎಂಬುದು ಅವರ ಆಸೆ. ಹನ್ನೆರಡಕ್ಕೂ ಕೈಯಿಂದಲೇ ಚಲನೆ ಕೊಡಲು ಕೂತರೆ ನನ್ನ ಹನ್ನೆರಡು ಸಂಜೆಗಳು ಹೋಗುತ್ತವೆ. ಅದಕ್ಕಾಗಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಅದರ ಪಾಠವೇ ಈ ಲೇಖನ.

1. ಗೊಂಬೆ ಬೇರೆ, ಕುಣಿತ ಬೇರೆ

ಹಿಗುಚಿ ಯು ಎಂಬುವರು 2008ರ ಫೆಬ್ರವರಿಯಲ್ಲಿ 'ಮಿಕುಮಿಕುಡಾನ್ಸ್' ಎಂಬ ತಂತ್ರಾಂಶವನ್ನು ಉಚಿತವಾಗಿ ಹೊರತಂದರು. ಅದರಲ್ಲಿ ಗೊಂಬೆಯ ರೂಪ ಒಂದು ಕಡತದಲ್ಲಿ, ಕುಣಿತ ಇನ್ನೊಂದರಲ್ಲಿ. ಕುಣಿತದ ಕಡತಕ್ಕೆ ವಿಎಂಡಿ ಎಂದು ಹೆಸರು. ಗೊಂಬೆಯ ಚರ್ಮದೊಳಗೆ ಕಣ್ಣಿಗೆ ಕಾಣದ ಮೂಳೆಗಳಿರುತ್ತವೆ. ಮೂಳೆ ತಿರುಗಿದರೆ ಚರ್ಮವೂ ಅದರ ಜೊತೆ ತಿರುಗುತ್ತದೆ.

ನಮ್ಮ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ನೆನಪಿಸಿಕೊಳ್ಳಿ. ಸೂತ್ರವನ್ನು ಕಟ್ಟುವುದು ಕೈ, ತಲೆ ಮೊದಲಾದ ಅಂಗಗಳಿಗೆ, ವೇಷಕ್ಕಲ್ಲ. ಒಸಾಕಾದ ಬುನ್‌ರಾಕು ಆಟದಲ್ಲೂ ಒಂದೇ ಗೊಂಬೆಯನ್ನು ಮೂವರು ಹಂಚಿಕೊಳ್ಳುತ್ತಾರೆ: ಮುಖ್ಯ ಕಲಾವಿದನಿಗೆ ತಲೆ ಮತ್ತು ಬಲಗೈ, ಎರಡನೆಯವನಿಗೆ ಎಡಗೈ, ಮೂರನೆಯವನಿಗೆ ಕಾಲು. ವಿಎಂಡಿ ಕಡತವೂ ಹೀಗೆಯೇ. ಯಾವ ಮೂಳೆ, ಯಾವ ಹೊತ್ತಿಗೆ, ಎಷ್ಟು ತಿರುಗಬೇಕು ಎಂದಷ್ಟೇ ಅದು ಹೇಳುತ್ತದೆ. ಮೂಳೆಗಳ ಹೆಸರು ಒಂದೇ ಆಗಿದ್ದರೆ ಮಿಕುವಿನ ಕುಣಿತವನ್ನು ಭೀಮನೂ ಕುಣಿಯಬಲ್ಲ!

2. ಉಸಿರಿನ ಲೆಕ್ಕ

ಈ ತಂತ್ರಾಂಶದಲ್ಲಿ ಸೆಕೆಂಡಿಗೆ 30 ಚೌಕಟ್ಟುಗಳು. ಎರಡು ಸೆಕೆಂಡಿನ ಒಂದು ಉಸಿರಿಗೆ 60. ಆದರೆ ನಾವು ಬರೆಯಬೇಕಾದದ್ದು ಮೂರೇ: 0ನೆಯದು, 30ನೆಯದು, 60ನೆಯದು. ನಡುವಿನದನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ. ಮೊದಲನೆಯದೂ ಕೊನೆಯದೂ ಒಂದೇ ಭಂಗಿಯಾಗಿರಲಿ. ಇಲ್ಲದಿದ್ದರೆ ಉಸಿರು ಮರುಕಳಿಸುವಾಗ ಗೊಂಬೆ ಬಿಕ್ಕಳಿಸಿದಂತೆ ಕಾಣುತ್ತದೆ.

ಒಂದು ಮೂಳೆಯ ಒಂದು ಭಂಗಿಗೆ 111 ಬೈಟ್ ಬೇಕು: ಹೆಸರಿಗೆ 15, ಚೌಕಟ್ಟಿನ ಸಂಖ್ಯೆಗೆ 4, ಸ್ಥಾನಕ್ಕೆ 12, ತಿರುಗುವಿಕೆಗೆ 16, ವೇಗದ ಏರಿಳಿತಕ್ಕೆ 64. ಎದೆ, ಕುತ್ತಿಗೆ, ತಲೆ ಎಂಬ ಮೂರು ಮೂಳೆಗಳಿಗೆ ಮೂರು ಮೂರು ಭಂಗಿ ಎಂದರೆ 999 ಬೈಟ್. ಮುಂದೆ 54 ಬೈಟಿನ ತಲೆಬರಹ. ಹಿಂದೆ ಮುಖಭಾವ, ಕ್ಯಾಮೆರಾ, ಬೆಳಕು ಇಲ್ಲವೆಂದು ಹೇಳುವ ಮೂರು ಸೊನ್ನೆಗಳಿಗೆ 12 ಬೈಟ್. ಒಟ್ಟು 1065. ಒಂದು ಕಿಲೋಬೈಟಿಗಿಂತ ಚೂರು ಹೆಚ್ಚು, ಅಷ್ಟೇ.

ಕೋನವನ್ನು ಡಿಗ್ರಿಯಲ್ಲಿ ಬರೆಯುವಂತಿಲ್ಲ, ನಾಲ್ಕು ಸಂಖ್ಯೆಗಳಾಗಿ ಒಡೆಯಬೇಕು. ಎದೆ 4 ಡಿಗ್ರಿ ವಾಲಬೇಕಾದರೆ ಅದರ ಅರ್ಧ, ಅಂದರೆ 2 ಡಿಗ್ರಿಯ ಸೈನ್ 0.0349 ಮೊದಲ ಸಂಖ್ಯೆ, ನಡುವೆ ಎರಡು ಸೊನ್ನೆ, ಕೊಸೈನ್ 0.9994 ಕೊನೆಯದು. ಇಂಥ ಲೆಕ್ಕಕ್ಕೆ ಮನುಷ್ಯರು ಯಾಕೆ? ಮಕ್ಕಳು ಒಂದು ಪಟ್ಟಿಯಲ್ಲಿ ಮೂಳೆ, ಚೌಕಟ್ಟು, ಡಿಗ್ರಿ ಎಂದು ಬರೆದುಕೊಟ್ಟರೆ ಪ್ರೋಗ್ರಾಂ ಕಡತ ಮಾಡಿಕೊಡುತ್ತದೆ. ಭೀಮನ ಸಾಲಿನಲ್ಲಿ 4ರ ಬದಲು 6, 60ರ ಬದಲು 90 ಎಂದು ಬರೆದರೆ ಸಾಕು, ಅವನ ಉಸಿರು ದೊಡ್ಡದೂ ನಿಧಾನವೂ ಆಗುತ್ತದೆ.

3. ಕನ್ನಡಕ್ಕೆ ಜಾಗವೆಲ್ಲಿ?

ತೊಡಕು ಬರುವುದು ಹೆಸರಿನಲ್ಲಿ. ಆ 15 ಬೈಟ್‌ಗಳಲ್ಲಿ ಹೆಸರನ್ನು ಬರೆಯುವುದು ಶಿಫ್ಟ್-ಜಿಸ್ ಎಂಬ ಜಪಾನೀ ಲಿಪಿ ಸಂಕೇತದಲ್ಲಿ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಮಗು 'ತಲೆ' ಎಂದು ಬರೆದರೆ ಅದನ್ನು ಕಡತದೊಳಗೆ ಇಡಲು ದಾರಿಯೇ ಇಲ್ಲ. ಅಲ್ಲಿರಬೇಕಾದದ್ದು ಜಪಾನೀ ಲಿಪಿಯ 'ಅತಾಮಾ'. ಹಾಗೆಯೇ ಕುತ್ತಿಗೆಗೆ 'ಕುಬಿ', ಎದೆಗೆ 'ಜೋಹಾನ್ಶಿನ್', ಅಂದರೆ ದೇಹದ ಮೇಲರ್ಧ. ಹೆಸರು ಹೊಂದದಿದ್ದರೆ ಆ ಮೂಳೆ ಅಲುಗುವುದಿಲ್ಲ.

ಹಾಗೆಂದು ಮಕ್ಕಳ ಪಟ್ಟಿಯಿಂದ ಕನ್ನಡವನ್ನು ತೆಗೆಯಬೇಕೇ? ಬೇಕಿಲ್ಲ. ಪ್ರೋಗ್ರಾಮಿನೊಳಗೆ ಒಂದು ಪುಟ್ಟ ನಿಘಂಟು ಇಟ್ಟಿದ್ದೇನೆ. ಮಕ್ಕಳು 'ತಲೆ', 'ಕುತ್ತಿಗೆ', 'ಎದೆ' ಎಂದೇ ಬರೆಯುತ್ತಾರೆ, ಅದು ಜಪಾನೀ ಹೆಸರಿಗೆ ಬದಲಿಸಿಕೊಳ್ಳುತ್ತದೆ. ಅಂಗಗಳ ಹೆಸರನ್ನು ಶಾಲೆಯಲ್ಲಿ ಜಪಾನಿಯಲ್ಲಷ್ಟೇ ಆಡುವ ಮಕ್ಕಳು ಈ ನೆಪದಲ್ಲಿ ಮೊಣಕೈ, ಹಿಮ್ಮಡಿ, ತೋಳು ಎಂದು ಕೇಳಿ ಕೇಳಿ ಕಲಿಯುತ್ತಿದ್ದಾರೆ.

ಇನ್ನೊಂದು ಕಾರಣವೂ ಇದೆ. ಸಿದ್ಧ ಚಲನೆಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅವುಗಳಲ್ಲಿರುವುದು ಅವನ್ನು ಮಾಡಿದವರ ಮೈನಡೆ. ಜಪಾನಿನವರು 'ಹೌದು' ಎನ್ನಲು ತಲೆಯನ್ನು ಮುಂದಕ್ಕೆ ಬಾಗಿಸುತ್ತಾರೆ. ನಮ್ಮ ಅಜ್ಜ ಅಜ್ಜಿಯರು ಸಂಗೀತ ಕೇಳುತ್ತಾ ತಲೆದೂಗುವುದು ಆಚೆ ಈಚೆ. ಮೂಳೆ ಅದೇ, ತಿರುಗುವ ಅಕ್ಷ ಬೇರೆ. ಸಿದ್ಧ ಕಡತಗಳನ್ನಷ್ಟೇ ನೆಚ್ಚಿಕೊಂಡರೆ ನಮ್ಮ ಧರ್ಮರಾಯನೂ ಟೋಕಿಯೋ ಕಚೇರಿಯವನಂತೆ ಬಾಗುತ್ತಾನೆ. ಪ್ರೋಗ್ರಾಂ ನಮ್ಮ ಕೈಯಲ್ಲಿದ್ದರೆ ಅವನು ನಮ್ಮವರಂತೆ ತಲೆದೂಗುತ್ತಾನೆ.

ಮನೆಗೆಲಸ: ತಲೆಯ ಮೂಳೆಗೆ 0, 10, 20, 30ನೆಯ ಚೌಕಟ್ಟುಗಳಲ್ಲಿ 0, 6, -6, 0 ಡಿಗ್ರಿ ಕೊಡಿ, ಪಕ್ಕಕ್ಕೆ ವಾಲುವ ಅಕ್ಷದಲ್ಲಿ. ಒಂದು ಸೆಕೆಂಡಿನ ತಲೆದೂಗು ಸಿದ್ಧ. ಒಂದು ಮಾತು: ಬೇರೆಯವರು ಮಾಡಿದ ಗೊಂಬೆಯನ್ನು ಬಳಸುವುದಾದರೆ ಅದರ ಜೊತೆ ಬರುವ ಷರತ್ತುಗಳ ಕಡತವನ್ನು ಮೊದಲು ಓದಿ. ಎಷ್ಟು ಡಿಗ್ರಿ ಸರಿಯೆನಿಸುತ್ತದೆ ಎಂಬುದನ್ನು ಮಾತ್ರ ಮಕ್ಕಳು ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನು ನೋಡಿ ನಿರ್ಧರಿಸಲಿ.