ಸೈಪ್ರೆಸ್ ಮರ: ಅದಕ್ಕೆ ತಕ್ಕ ನೆಲ ಮತ್ತು ಹವೆ

ಸೈಪ್ರೆಸ್ ಎಂಬುದು ವರ್ಷವಿಡೀ ಹಸುರಾಗಿದ್ದು, ಕಂಪುಳ್ಳ ಬಾಳಿಕೆಯ ಚೌಬೀನೆಯನ್ನು ಕೊಡುವ ಮರ. ಇದರ ನೇರವಾದ ಬೆಳವಣಿಗೆಯನ್ನು ಕಂಡು ಜಮೀನುದಾರರು ಸಸಿ ನೆಡಲು ಆಶಿಸುವುದು ಸಹಜ. ಆದರೆ ಸ್ಥಳವನ್ನು ಪರೀಕ್ಷಿಸದೆ ನೆಟ್ಟರೆ ಹಣವೂ ಶ್ರಮವೂ ವ್ಯರ್ಥವಾಗುವುವು.

ಹುಟ್ಟುನೆಲ.— ಈ ಮರದಲ್ಲಿ ಹಲವು ಬಗೆಗಳುಂಟು. ಕಂಬದಂತೆ ನೀಳವಾಗಿ ಬೆಳೆಯುವ ಬಗೆಯು ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದ ದೇಶಗಳದು. ಹಿಮಾಲಯದ ಬಗೆಯು ಸುಮಾರು 6,000ದಿಂದ 9,000 ಅಡಿ ಎತ್ತರದಲ್ಲಿ, ಹೆಚ್ಚಾಗಿ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವುದು. ನೈನಿತಾಲಿನ ಬೆಟ್ಟಗಳಲ್ಲಿ ಇದನ್ನು ಕಾಣಬಹುದು. ದಕ್ಷಿಣದಲ್ಲಿ ನೀಲಗಿರಿಯ ತಂಪಿನಲ್ಲಿ ನೆಟ್ಟ ಮರಗಳು ಚೆನ್ನಾಗಿ ಬಂದಿವೆ.

ನೆಲ.— ಧಾರಾಳವಾದ ಬಿಸಿಲೂ ನೀರು ಬಸಿದುಹೋಗುವ ಮಣ್ಣೂ ಅವಶ್ಯಕ. ಕಲ್ಲುಬೆರೆತ ಬಡ ನೆಲವನ್ನು ಈ ಮರವು ಸಹಿಸುವುದು. ನಿಂತ ನೀರನ್ನು ಸಹಿಸದು. ಆದಕಾರಣ ಗದ್ದೆಯ ಬದುಗಳೂ ಕೆರೆಯ ಕೆಳಗಿನ ಜೌಗುನೆಲವೂ ಇದಕ್ಕೆ ತಕ್ಕವಲ್ಲ. ಎರಡಡಿ ಗುಂಡಿ ತೋಡಿ ನೀರು ತುಂಬಿಸಬೇಕು; ಮರುದಿನವೂ ನೀರು ನಿಂತಿದ್ದರೆ ಆ ಸ್ಥಳವನ್ನು ಬಿಡಬೇಕು.

ನೆಡುವ ಕ್ರಮ.— ಮಳೆಗಾಲದ ಮೊದಲಲ್ಲಿ ಎಳೆಯ ಸಸಿಗಳನ್ನು ಬೇರಿನ ಮಣ್ಣು ಉದುರದಂತೆ ನೆಡಬೇಕು. ದೊಡ್ಡ ಗಿಡಗಳನ್ನು ಕಿತ್ತು ನೆಟ್ಟರೆ ಬೇರಿಗೆ ಪೆಟ್ಟಾಗಿ ಸಾಯುವ ಸಂಭವ ಹೆಚ್ಚು.

ಎಚ್ಚರಿಕೆ.— ಬುಡ ಕಡಿದರೆ ಇದು ಹೊಂಗೆಯಂತೆ ಮತ್ತೆ ಚಿಗುರುವುದಿಲ್ಲ. ಬೇಲಿಯಾಗಿ ಬೆಳೆಸಿದಾಗಲೂ ಹಸುರು ತುದಿಗಳನ್ನು ಮಾತ್ರ ಕತ್ತರಿಸಬೇಕು. ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕತ್ತರಿಸಿದರೆ ಆ ಭಾಗವು ಬೋಳಾಗಿಯೇ ಉಳಿಯುವುದು. ಬಯಲುಸೀಮೆಯಲ್ಲಿ ಸೌದೆಗಾಗಿ ಮರ ಬೆಳೆಸುವವರಿಗೆ ಹೊಂಗೆಯೇ ಲೇಸು. ತಂಪಾದ ಬೆಟ್ಟದ ಇಳಿಜಾರಿನಲ್ಲಿ ಭೂಮಿಯುಳ್ಳವರು ಸೈಪ್ರೆಸ್ಸನ್ನು ಪರೀಕ್ಷಿಸಿ ನೋಡಬಹುದು. ಗ್ರಾಮದ ಮುಖಂಡರು ಈ ಭೇದವನ್ನು ಎಲ್ಲರಿಗೂ ತಿಳಿಯಹೇಳುವುದು ಒಳ್ಳೆಯದು.