ಹೊರದಾರಿಯ ಅಳತೆ

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರು ಎತ್ತರದಲ್ಲಿದೆ. ಚಿಕ್ಕಬಳ್ಳಾಪುರದ ಸೀಮೆಯಲ್ಲಿರುವ ಈ ಬೆಟ್ಟವನ್ನೇರುವ ಹಾದಿ ಹಾವಿನಂತೆ ಸುತ್ತಿ ಸುತ್ತಿ ಮೇಲಕ್ಕೆ ಸಾಗುತ್ತದೆ. ರಜಾದಿನದ ನಸುಕಿನಲ್ಲಿ ಈ ಹಾದಿಯ ತುಂಬ ಕಾರುಗಳು, ಮೋಟಾರು ಸೈಕಲ್ಲುಗಳು. ಅವುಗಳ ನಡುವೆ ಕಿವಿಗಡಚಿಕ್ಕುವ ಸದ್ದು ಮಾಡುತ್ತ ಬರುವ ವಾಹನಗಳೂ ಕೆಲವುಂಟು. ಕಾರ್ಖಾನೆಯವರು ಜೋಡಿಸಿದ ಹೊಗೆಕೊಳವೆಯನ್ನು ಕಿತ್ತು, ಅದಕ್ಕಿಂತ ಅಗಲವಾದುದನ್ನು ಹಾಕಿಸಿಕೊಂಡ ವಾಹನಗಳು ಅವು. ಕೊಳವೆ ಅಗಲವಾದಷ್ಟೂ ಎಂಜಿನ್ನಿನ ಬಲ ಹೆಚ್ಚುವುದೆಂಬುದು ಅವುಗಳ ಒಡೆಯರ ನಂಬಿಕೆ. ಆದರೆ ಕಡಿದಾದ ತಿರುವಿನಲ್ಲಿ ವೇಗ ತಗ್ಗಿದೊಡನೆ, ಅಷ್ಟು ಹೊತ್ತು ಅಬ್ಬರಿಸಿದ ವಾಹನವೇ ಏದುಸಿರು ಬಿಡುವುದುಂಟು. ಸದ್ದು ಹೆಚ್ಚಿದರೂ ಬಲವೇಕೆ ಹೆಚ್ಚಲಿಲ್ಲ? ಈ ಪ್ರಶ್ನೆಗೆ ಉತ್ತರ ಎಂಜಿನ್ನಿನ ಉಸಿರಾಟದಲ್ಲಿದೆ.

ಕಾರಿನ ಎಂಜಿನ್ನು ಮನುಷ್ಯನಂತೆಯೇ ಉಸಿರಾಡುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ನು ಕೆಳಗಿಳಿದಾಗ ಗಾಳಿ ಮತ್ತು ಇಂಧನದ ಮಿಶ್ರಣ ಒಳಸೇರುತ್ತದೆ. ಮೇಲೇರಿದಾಗ ಆ ಮಿಶ್ರಣ ಒತ್ತಲ್ಪಡುತ್ತದೆ. ಕಿಡಿ ಸೋಕಿ ಅದು ಉರಿದಾಗ ಪಿಸ್ಟನ್ನು ಬಲವಾಗಿ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರುವಾಗ ಉರಿದ ಅನಿಲ ಕವಾಟದ ಮೂಲಕ ಹೊಗೆಕೊಳವೆಗೆ ನುಗ್ಗುತ್ತದೆ. ಈ ನಾಲ್ಕು ಹೆಜ್ಜೆಗಳಲ್ಲಿ ಕೊನೆಯದು ಸರಿಯಾಗಿ ನಡೆಯದಿದ್ದರೆ ಮೊದಲನೆಯದೂ ಕೆಡುತ್ತದೆ. ಹಳೆಯ ಅನಿಲ ಒಳಗೇ ಉಳಿದರೆ ಹೊಸ ಮಿಶ್ರಣಕ್ಕೆ ಸ್ಥಳವೆಲ್ಲಿ? ಉಸಿರನ್ನು ಪೂರ್ತಿಯಾಗಿ ಬಿಡದವನು ಪೂರ್ತಿಯಾಗಿ ಎಳೆದುಕೊಳ್ಳಲಾರ.

ಕೊಳವೆ ತೀರ ಕಿರಿದಾದರೆ ಅನಿಲವು ಅದರಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಒತ್ತುತ್ತದೆ. ಆ ಒತ್ತಡದ ವಿರುದ್ಧ ಅನಿಲವನ್ನು ದೂಡುವುದಕ್ಕಾಗಿ ಪಿಸ್ಟನ್ನು ತಾನು ಗಳಿಸಿದ ಬಲದ ಒಂದು ಪಾಲನ್ನು ವ್ಯಯಮಾಡಬೇಕಾಗುತ್ತದೆ. ಎಂಜಿನ್ನು ವೇಗವಾಗಿ ತಿರುಗಿದಷ್ಟೂ ಈ ನಷ್ಟ ಹೆಚ್ಚು. ಆದುದರಿಂದ ಕಿರಿದಾದ ಕೊಳವೆ ಕೆಡುಕೆಂಬುದು ನಿಜ. ಆದರೆ ಹಾಗೆಂದ ಮಾತ್ರಕ್ಕೆ ಅಗಲವಾದುದೆಲ್ಲ ಒಳಿತೆಂದು ತೀರ್ಮಾನಿಸಲಾಗದು.

ಕೆರೆಯ ತೂಬಿನಿಂದ ಹೊರಟ ನೀರನ್ನು ನೋಡಿ ಬೆಳೆದವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಕಾಲುವೆ ಇಕ್ಕಟ್ಟಾಗಿರುವಲ್ಲಿ ನೀರು ಭರದಿಂದ ಹರಿಯುತ್ತದೆ. ಅಗಲವಾದೊಡನೆ ಅದೇ ನೀರು ಮಂದಗತಿಯಲ್ಲಿ ಸಾಗುತ್ತದೆ. ಅನಿಲದ ನಡತೆಯೂ ಹೀಗೆಯೇ. 1200 ಘನ ಸೆಂಟಿಮೀಟರು ಗಾತ್ರದ ಎಂಜಿನ್ನೊಂದು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 60 ಲೀಟರು ಗಾಳಿಯನ್ನು ಎಳೆದುಕೊಳ್ಳಬಲ್ಲದು. ಉರಿದು ಕಾದ ಮೇಲೆ ಅದರ ಗಾತ್ರ ಮೂರು ಪಟ್ಟಾಗುತ್ತದೆಂದು ಇಟ್ಟುಕೊಂಡರೆ, ಸೆಕೆಂಡಿಗೆ 180 ಲೀಟರು ಅನಿಲ ಕೊಳವೆಯ ಮೂಲಕ ಹೋಗಬೇಕು. ಕೊಳವೆಯ ವ್ಯಾಸ 4 ಸೆಂಟಿಮೀಟರು ಇದ್ದರೆ ಅನಿಲದ ವೇಗ ಸೆಕೆಂಡಿಗೆ ಸುಮಾರು 143 ಮೀಟರು; 5 ಸೆಂಟಿಮೀಟರು ಇದ್ದರೆ ಸುಮಾರು 92 ಮೀಟರು. ವ್ಯಾಸ ಹೆಚ್ಚಿದ್ದು ಕಾಲು ಭಾಗವಷ್ಟೇ. ಆದರೆ ಕ್ಷೇತ್ರಫಲವು ವ್ಯಾಸದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ ವೇಗವು ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ತಗ್ಗಿತು. ಎಂಜಿನ್ನಿನ ತಿರುಗುವಿಕೆ 2000 ಸುತ್ತಿಗೆ ಇಳಿದಾಗ ಈ ಎರಡು ವೇಗಗಳು 48 ಮತ್ತು 31 ಮೀಟರಿಗೆ ಇಳಿಯುತ್ತವೆ.

ಈ ವೇಗಕ್ಕೆ ಏಕಿಷ್ಟು ಮಹತ್ವ? ಭರದಿಂದ ಹೊರಟ ಅನಿಲದ ಮುದ್ದೆ ತನ್ನ ಹಿಂದೆ ಒತ್ತಡ ಕಡಿಮೆಯಾದ ಪ್ರದೇಶವೊಂದನ್ನು ಉಂಟುಮಾಡುತ್ತದೆ. ಸಿಲಿಂಡರಿನಲ್ಲಿ ಉಳಿದ ಅನಿಲವನ್ನು ಅದು ಹೊರಗೆಳೆಯುತ್ತದೆ. ಆ ಕ್ಷಣದಲ್ಲಿ ತೆರೆದುಕೊಳ್ಳುತ್ತಿರುವ ಒಳಗವಾಟದಿಂದ ಹೊಸ ಮಿಶ್ರಣ ಬರುವುದಕ್ಕೂ ನೆರವಾಗುತ್ತದೆ. ಅನಿಲದ ಓಟ ಮಂದವಾದರೆ ಈ ಎಳೆತವೂ ಮಂದವಾಗುತ್ತದೆ. ಎಂಜಿನ್ನಿಗೆ ಹಿಂದೊತ್ತಡ ಬೇಕೇ ಬೇಕೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಎಂಜಿನ್ನಿಗೆ ಬೇಕಾದುದು ಒತ್ತಡವಲ್ಲ, ಅನಿಲದ ಓಟ.

ಇದರ ಜೊತೆಗೆ ಕೊಳವೆಯಲ್ಲಿ ಅಲೆಗಳೂ ಸಂಚರಿಸುತ್ತವೆ. ಗೌರಿಬಿದನೂರಿನ ಬಳಿ 1965ರಲ್ಲಿ ಭೂಕಂಪಮಾಪಕಗಳ ಜಾಲವೊಂದು ಸ್ಥಾಪನೆಯಾಯಿತು. ಒಂದೇ ಅಲೆಯು ಬೇರೆ ಬೇರೆ ಮಾಪಕಗಳನ್ನು ಮುಟ್ಟುವ ಕಾಲದ ಅಂತರದಿಂದ ಅದು ಯಾವ ದಿಕ್ಕಿನಿಂದ ಬಂದಿತೆಂಬುದನ್ನು ವಿಜ್ಞಾನಿಗಳು ಅಲ್ಲಿ ತಿಳಿಯುತ್ತಾರೆ. ಹೊಗೆಕೊಳವೆಯಲ್ಲಿಯೂ ಅಲೆಯ ಕಾಲವೇ ಮುಖ್ಯ. ಕವಾಟ ತೆರೆದೊಡನೆ ಹೊರಟ ಒತ್ತಡದ ಅಲೆ ಕೊಳವೆಯ ತುದಿಯನ್ನು ಮುಟ್ಟಿ, ಎಳೆತದ ಅಲೆಯಾಗಿ ಹಿಂದಿರುಗುತ್ತದೆ. ಕಾದ ಅನಿಲದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರು. ಕವಾಟ ಮುಚ್ಚುವ ಮುನ್ನ ಅದು ಹಿಂದಿರುಗಿದರೆ ಲಾಭ, ತಪ್ಪಿದರೆ ನಷ್ಟ. ಹೀಗೆ ಕೊಳವೆಯ ಉದ್ದವನ್ನೂ ಅಗಲವನ್ನೂ ಎಂಜಿನ್ನಿನ ವೇಗಕ್ಕೆ ಹೊಂದಿಸಬೇಕಾಗುತ್ತದೆ.

ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ದಿ ಮೋಟಾರು ಸೈಕಲ್ಲುಗಳನ್ನು ಕನ್ನಡ ನಾಡಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಅವುಗಳಲ್ಲಿ ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳಿದ್ದವು. ಅದು ಎರಡು ಹೆಜ್ಜೆಗಳ ಎಂಜಿನ್ನು. ಹೊಗೆಯ ದಾರಿಗೆ ಕವಾಟವೇ ಇರಲಿಲ್ಲ. ಇಂಥ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಹೊಗೆಯೊಡನೆ ಹೊರಬೀಳದಂತೆ ತಡೆಯಲು ಕೊಳವೆಯಿಂದ ಮರಳುವ ಅಲೆಯೇ ನೆರವಾಗಬೇಕು. ಅಂಥಲ್ಲಿ ಕೊಳವೆಯ ಒಳರಚನೆಯನ್ನು ತಿಳಿಯದೆ ಬದಲಿಸಿದವನಿಗೆ ದೊರೆಯುವುದು ಹೆಚ್ಚಿನ ಸದ್ದು ಮಾತ್ರ.

ಹಾಗಾದರೆ ಪಂದ್ಯದ ಕಾರುಗಳಿಗೆ ಅಗಲವಾದ ಕೊಳವೆ ಏಕೆ? ಅವು ಸದಾ ಅತಿವೇಗದಲ್ಲಿಯೇ ತಿರುಗುವ ಎಂಜಿನ್ನುಗಳು. ಅಷ್ಟು ಅನಿಲ ಸಲೀಸಾಗಿ ಹೊರಹೋಗಲು ಅಗಲವಾದ ದಾರಿಯೇ ಬೇಕು. ಕಡಿಮೆ ವೇಗದಲ್ಲಾಗುವ ನಷ್ಟ ಅವುಗಳಿಗೆ ಲೆಕ್ಕಕ್ಕಿಲ್ಲ. ಆದರೆ ಚಿಂತಾಮಣಿಯ ಮಾರುಕಟ್ಟೆಗೆ ಟೊಮೆಟೊ ಹೊತ್ತು ಬರುವ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡನ್ನು ತರುವ ವಾಹನಕ್ಕೆ ಬೇಕಾದುದು ಕಡಿಮೆ ವೇಗದ ಎಳೆತ. ನಂದಿಯ ತಿರುವುಗಳಲ್ಲಿ ಬೇಕಾದುದೂ ಅದೇ. ಮೇಲಾಗಿ, ವಾಹನಕ್ಕೆ ಸದ್ದಡಗಿಸುವ ಸಾಧನ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ರಸ್ತೆಯ ಬದಿಯ ಮನೆಯಲ್ಲಿ ರೋಗಿಯೂ ಮಲಗಿರುತ್ತಾನೆ, ಹಸುಗೂಸೂ ಮಲಗಿರುತ್ತದೆ.

ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಹೊರದಾರಿಯ ಅಳತೆಯ ಮರ್ಮವನ್ನು ನೀರಿನಲ್ಲಿ ಕಂಡವರು. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅವು ತಾವಾಗಿ ತೆರೆಯುತ್ತಿದ್ದವು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. 1980ರ ದಶಕದಲ್ಲಿ ಜಪಾನಿನ ಯಮಹಾ ಸಂಸ್ಥೆ ಮೋಟಾರು ಸೈಕಲ್ಲಿನ ಹೊಗೆಕೊಳವೆಯೊಳಗೆ ಇಂಥದೇ ಒಂದು ಬಾಗಿಲನ್ನಿರಿಸಿತು. ಎಂಜಿನ್ನಿನ ವೇಗ ತಗ್ಗಿದಾಗ ಅದು ದಾರಿಯನ್ನು ಕಿರಿದುಗೊಳಿಸುತ್ತದೆ. ವೇಗ ಏರಿದಾಗ ಅಗಲಗೊಳಿಸುತ್ತದೆ. ಒಂದು ನೀರಿನ ದಾರಿ, ಇನ್ನೊಂದು ಹೊಗೆಯ ದಾರಿ. ಎರಡರ ಹಿಂದೆಯೂ ಇರುವ ವಿವೇಕ ಒಂದೇ. ದಾರಿ ಎಷ್ಟು ಅಗಲವಿರಬೇಕೆಂಬುದನ್ನು ನಿರ್ಧರಿಸಬೇಕಾದುದು ಅದರಲ್ಲಿ ಹರಿಯುವ ವಸ್ತು, ನೋಡುವವರ ಆಸೆಯಲ್ಲ. ಬೆಟ್ಟವನ್ನು ಸದ್ದಿಲ್ಲದೆ ಏರುವ ವಾಹನವೇ ಈ ಮಾತಿಗೆ ಸಾಕ್ಷಿ.